ಸಾಕುಗೆರೆ

ಕಸ್ತೂರಿ ಬಡಿಗೇರಳ ಕಿಸೆಗೆ ಎಂಬತ್ತನಾಲ್ಕು ಲಕ್ಷ ರೂಪಾಯಿ ಬಂದು ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ. ಆಗ ಅವಳು ಖಾನಾವಳಿಗೆ ಕಳಿಸಬೇಕಾದ ನೂರೈವತ್ತು ರೊಟ್ಟಿಗಳಲ್ಲಿ ನೂರಾ ಹತ್ತನೆಯದನ್ನು ಬಡಿಯುತ್ತಿದ್ದಳು. ಕೈಗೆ ಹಿಟ್ಟು ಮೆತ್ತಿಕೊಂಡಿದ್ದರಿಂದ ಫೋನಿನ ಸದ್ದಿಗೆ ಗಮನ ಕೊಡಲಿಲ್ಲ. ಒಲೆ ಆರಿಸಿ, ಕೈ ತೊಳೆದು ನೋಡಿದಾಗ ಹನ್ನೊಂದೂವರೆ.

ಹುಬ್ಬಳ್ಳಿಯಲ್ಲಿ ನೋಟು, ಚಿಲ್ಲರೆಗಳ ಬಳಕೆ ನಿಂತು ಆಗಲೇ ಹನ್ನೊಂದು ವರ್ಷವಾಗಿತ್ತು. ಎಲ್ಲರ ಹಣವೂ ಫೋನಿನೊಳಗಿನ 'ಕಿಸೆ'ಯಲ್ಲಿತ್ತು. ಎಲ್ಲರ ಮಣಿಕಟ್ಟಿನಲ್ಲೂ ಬೂದುಬಣ್ಣದ ಒಂದು ನಾಡಿಪಟ್ಟಿ ಇತ್ತು. ಅದು ನಾಡಿ ಎಣಿಸುತ್ತಿತ್ತು, ಬೆವರು ಅಳೆಯುತ್ತಿತ್ತು, ಮಾತು ಕೇಳಿಸಿಕೊಳ್ಳುತ್ತಿತ್ತು. ಪಟ್ಟಿ ಕಟ್ಟಿಕೊಂಡವರಿಗೆ ಆಸ್ಪತ್ರೆ ಪುಕ್ಕಟೆ. ಬಿಚ್ಚಿದವರಿಗೆ ಆಸ್ಪತ್ರೆಯ ಬಾಗಿಲೇ ತೆರೆಯುತ್ತಿರಲಿಲ್ಲ. ಹೀಗಾಗಿ ಯಾರೂ ಬಿಚ್ಚುತ್ತಿರಲಿಲ್ಲ.

"ರೀ, ಇಲ್ಲಿ ಸ್ವಲ್ಪ ಬರ್ರಿ," ಎಂದು ಅವಳು ಗಂಡನನ್ನು ಕರೆದಳು. "ಕಾರ್ಖಾನಿಯವರು ಪರಿಹಾರ ಹಾಕ್ಯಾರೇನ ನೋಡ್ರಿ."

ಮೌನೇಶ ಗೋಡೆ ಹಿಡಿದುಕೊಂಡು ಬಂದ. ಅವನ ಎರಡೂ ಕೈ ನಡುಗುತ್ತಿದ್ದವು. ಒಂದು ಕಾಲಕ್ಕೆ ಬಾಗಿಲ ಚೌಕಟ್ಟಿಗೆ ಬಳ್ಳಿ ಕೆತ್ತುತ್ತಿದ್ದ ಬಡಗಿ ಅವನು. ಮರದ ಕೆಲಸ ಕಡಿಮೆಯಾದ ಮೇಲೆ ಊರ ಹೊರಗಿನ ಬ್ಯಾಟರಿ ಕಾರ್ಖಾನೆ ಸೇರಿದ್ದ. ಹಳೆಯ ಬ್ಯಾಟರಿಗಳನ್ನು ಒಡೆದು ಒಳಗಿನ ಕರಿಪುಡಿಯನ್ನು ಜರಡಿ ಹಿಡಿಯುವ ಕೆಲಸ. ಎಂಟು ವರ್ಷ ಆ ಪುಡಿಯನ್ನು ಉಸಿರಾಡಿದ. ಪುಡಿಯಲ್ಲಿದ್ದ ಮ್ಯಾಂಗನೀಸ್ ಮೆದುಳಿಗೆ ಇಳಿದಿದೆ ಎಂದು ಡಾಕ್ಟರು ಹೇಳಿದಾಗ ಮುನ್ನೂರ ನಲವತ್ತು ಜನ ಕೆಲಸಗಾರರಿಗೆ ಅದೇ ಕಾಯಿಲೆ ಶುರುವಾಗಿತ್ತು. ಮೊದಲು ನಡುಕ, ಆಮೇಲೆ ನಡಿಗೆಯಲ್ಲಿ ಜೋಲಿ. ಕಾಯಿಲೆಗೂ ತನಗೂ ಸಂಬಂಧವಿಲ್ಲ ಎಂದು ವಾದಿಸುತ್ತಿದ್ದ ಕಂಪನಿ ಈಗ ರಾಜಿಗೆ ಒಪ್ಪಿದೆ ಎಂಬ ಸುದ್ದಿ ಇತ್ತು.

ಮೌನೇಶ ಪರದೆಯನ್ನು ಎರಡು ಸಲ ಓದಿದ. "ಪರಿಹಾರ ಅಲ್ಲಿದು. ಕಾರ್ಖಾನಿ ಹೆಸರಿಲ್ಲ, ಯಾರ ಹೆಸರೂ ಇಲ್ಲ. ಬ್ಯಾಂಕಿನವರು ತಪ್ಪಿ ಹಾಕ್ಯಾರ."

"ಹಂಗಾರ ವಾಪಸ್ ಕೊಟ್ಟ ಬರ್ತೇನಿ."

"ಯಾರಿಗೆ ಕೊಡ್ತಿ? ಅಲ್ಲಿ ಮನಷ್ಯಾರ ಎಲ್ಲಿ ಅದಾರ?"

ಆದರೂ ಅವಳು ಹೋದಳು. ಬ್ಯಾಂಕಿನ ಜಾಗದಲ್ಲಿ ಒಂದು ಯಂತ್ರ ಮಾತ್ರ ಇತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿ ಅದು ಇಂಪಾದ ದನಿಯಲ್ಲಿ, "ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ. ಎಪ್ಪತ್ತೆರಡು ಗಂಟೆಗಳಲ್ಲಿ ಸರಿಪಡಿಸಲಾಗುವುದು. ಅಲ್ಲಿಯವರೆಗೆ ಹಣ ನಿಮ್ಮ ಖಾತೆಯಲ್ಲೇ ಇರುತ್ತದೆ," ಎಂದಿತು.

ಮನೆಗೆ ಬಂದು ಹೇಳಿದಾಗ ಮೌನೇಶ ಎಷ್ಟೋ ತಿಂಗಳ ಮೇಲೆ ನಕ್ಕ.

"ಅಂದ್ರ ಮೂರು ದಿನ ನಾವು ಸಾವ್ಕಾರ್ರು. ಬಾ, ಕುಂದರು. ಏನೇನ್ ತೊಗೋತಿ ಹೇಳು."

ಅದೇ ಹೊತ್ತಿಗೆ ಗೋಕುಲ ರಸ್ತೆಯ ಒಂದು ಗಾಜಿನ ಕಟ್ಟಡದ ಐದನೆಯ ಅಂತಸ್ತಿನಲ್ಲಿ ಉಜ್ವಲಾ ನಾಡಿಗೇರ ತನ್ನ ಮುಂದಿನ ಪರದೆಯಲ್ಲಿ ಮುನ್ನೂರ ನಲವತ್ತು ಗೆರೆಗಳನ್ನು ನೋಡುತ್ತಿದ್ದಳು. ಆ ಅಂತಸ್ತಿಗೆ 'ಅಂದಾಜು ಕೇಂದ್ರ' ಎಂದು ಹೆಸರು. ದೇಹದ ಸೂಚನೆಗಳನ್ನು ಓದಿ ಅರ್ಥ ಹೇಳುವುದು ಅವಳ ಕೆಲಸ. ಮೂವತ್ತೆರಡು ವರ್ಷದವಳು, ಧಾರವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕೆಲಸದಲ್ಲಿ ಅವಳ ಸಮಾನ ಯಾರೂ ಇರಲಿಲ್ಲ.

ಬ್ಯಾಂಕಿನ ತಪ್ಪು ತಪ್ಪಾಗಿರಲಿಲ್ಲ. ಅದನ್ನು ಈ ಕೋಣೆಯಿಂದಲೇ ಮಾಡಲಾಗಿತ್ತು.

ತತ್ತ್ವ ಸರಳ. 'ನಿನಗೆ ಎಷ್ಟು ಹಣ ಬೇಕು' ಎಂದು ಕೇಳಿದರೆ ಮನುಷ್ಯ ಸುಳ್ಳು ಹೇಳುತ್ತಾನೆ, ಇಲ್ಲವೇ ಅವನಿಗೇ ಗೊತ್ತಿರುವುದಿಲ್ಲ. ನಿಜವಾಗಿಯೂ ಹಣ ಕೈಗೆ ಬಂದಿದೆ ಎಂದು ನಂಬಿದಾಗ ಅವನ ಮನಸ್ಸು ತಾನಾಗಿ ಸಾಮಾನು ಕೊಳ್ಳತೊಡಗುತ್ತದೆ. ಬೇಕಾದ ವಸ್ತುವೊಂದು ಕಣ್ಣ ಮುಂದೆ ಬಂದಾಗ ನಾಡಿ ಅರೆಕ್ಷಣ ತಡೆದು ಮುಂದೆ ಓಡುತ್ತದೆ, ಅಂಗೈ ತೇವವಾಗುತ್ತದೆ. ಆ ಹೊತ್ತಿನಲ್ಲಿ ಅವನು ಆಡಿದ ಮಾತು, ಹುಡುಕಿದ ಬೆಲೆ ಎಲ್ಲ ಸೇರಿಸಿದರೆ ಆಸೆಯ ಗೆರೆ ಸಿಗುತ್ತದೆ. ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಒಂದು ಕಡೆ ಮಟ್ಟಸವಾಗಿ ಮಲಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಹಣ ತೋರಿಸಿದರೂ ನಾಡಿ ಅಲ್ಲಾಡುವುದಿಲ್ಲ. ಅದಕ್ಕೆ ಕೇಂದ್ರದವರು 'ಸಾಕುಗೆರೆ' ಎಂದು ಕರೆಯುತ್ತಿದ್ದರು.

"ಉಜ್ವಲಾ, ಮೌನೇಶ ಬಡಿಗೇರ ಅನ್ನೋರ ಗೆರೆ ಯಾಕೆ ಹೀಗೆ ಹುಲ್ಲಿನ ಬಣವೆ ಥರ ಇದೆ?" ಎಂದು ಕಾಮತ್ ಕೇಳಿದ. ಬೆಂಗಳೂರಿನಿಂದ ಬಂದಿದ್ದ ಅವನು ಕೇಂದ್ರದ ಮುಖ್ಯಸ್ಥ. ಯಾರ ಮೇಲೂ ದನಿ ಎತ್ತದ ಮನುಷ್ಯ.

"ಕೈ ನಡುಗ್ತದ ಸರ್. ಸೆಕೆಂಡಿಗೆ ಐದಾರು ಸಲ. ಆ ಗದ್ದಲದೊಳಗ ನಾಡಿ ಓದ್ಲಿಕ್ಕೆ ಬರೋದಿಲ್ಲ. ಕೆಲಸಗಾರರೊಳಗ ಅರ್ಧಕ್ಕಿಂತ ಹೆಚ್ಚು ಜನರದು ಇದೇ ಕಥಿ."

"ಮನೇಲಿ ಬೇರೆ ಯಾರಿದಾರೆ?"

"ಹೆಂಡತಿ. ಕಸ್ತೂರಿ ಅಂತ."

"ಅವರ ಗೆರೆ ತಗೊಳ್ಳಿ. ಮನೆ ಒಂದೇ ತಾನೆ."

ಕಾಯಿಲೆ ತಂದ ನಡುಕವೇ ಮೌನೇಶನ ಮನಸ್ಸನ್ನು ಯಂತ್ರದಿಂದ ಮರೆಮಾಡಿತ್ತು. ಅವನ ಬದಲಿಗೆ ಅವನ ಹೆಂಡತಿಯನ್ನು ಓದಲಾಯಿತು.

ಗಿರಣಿ ಓಣಿಯ ತಗಡಿನ ಮನೆಯಲ್ಲಿ ಗಂಡ ಹೆಂಡತಿ ಮೂರು ದಿನ ಅದೇ ಮಾತಾಡಿದರು. ಮೌನೇಶನ ಆಸೆ ದೊಡ್ಡದಿತ್ತು. ನಾಲ್ಕು ಗುಂಟೆ ಜಾಗ, ಅಲ್ಲೊಂದು ಮರಗೆಲಸದ ಶೆಡ್ಡು, ಕೈ ನಡುಗುವವರೂ ಬೆರಳು ಕಳೆದುಕೊಳ್ಳದೆ ಮರ ಕೊಯ್ಯಬಹುದಾದ ಯಂತ್ರಗಳು. ಜೊತೆಗೆ ಕಾರ್ಖಾನೆಯಲ್ಲಿ ತನ್ನ ಪಕ್ಕ ಜರಡಿ ಹಿಡಿದ ಇಪ್ಪತ್ತು ಜನ. "ಅಲ್ಲಿಸಾಬನ್ನ ಕರೀತೇನಿ, ಬಸಲಿಂಗನ್ನ ಕರೀತೇನಿ," ಎಂದು ಹೇಳುತ್ತ ಹೇಳುತ್ತ ಅವನ ದನಿ ಮೊದಲಿನ ಹಾಗಾಗುತ್ತಿತ್ತು.

ಕಸ್ತೂರಿಗೆ ಅವನ ಮಾತು ಕೇಳುವುದರಲ್ಲೇ ಸುಖವಿತ್ತು. ತನ್ನ ಸರದಿ ಬಂದಾಗ ಅವಳು ತಡೆದು ತಡೆದು ಹೇಳಿದಳು. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಅವನಿಗೆ ಒಂದು ತಿಂಗಳ ಚಿಕಿತ್ಸೆ, ಎರಡು ಲಕ್ಷ ಇಪ್ಪತ್ತು ಸಾವಿರ. ತಗಡು ತೆಗೆಸಿ ಮೇಲ್ಛಾವಣಿ, ಎಪ್ಪತ್ತೆರಡು ಸಾವಿರ. ತಂಗಿಯ ಮಗಳ ನರ್ಸಿಂಗ್ ಫೀ, ನಲವತ್ತು. ನೆಲದಲ್ಲಿ ಕೂತು ಸೊಂಟ ಹಿಡಿಯುತ್ತಿತ್ತು, ಅದಕ್ಕೆ ನಿಂತು ರೊಟ್ಟಿ ಮಾಡುವ ಕಟ್ಟೆ, ಹದಿನೆಂಟು. ಕೊನೆಗೆ ಮುಖ ಆಚೆ ತಿರುಗಿಸಿಕೊಂಡು, "ಒಂದು ಇಳಕಲ್ ಸೀರಿ. ಖರೇ ರೇಷ್ಮಿ ಸೆರಗಿಂದು. ಹನ್ನೆರಡು ಸಾವಿರ," ಎಂದಳು.

"ಆಮ್ಯಾಲೆ?"

ಕಸ್ತೂರಿ ಮನಸ್ಸಿನಲ್ಲೇ ಕೂಡಿಸಿದಳು. "ಮೂರು ಲಕ್ಷದ ಅರವತ್ತೆರಡು ಸಾವಿರ ಆತು. ಸಾಕ್ರಿ."

"ಹುಚ್ಚಿ, ಇನ್ನೂ ಎಂಬತ್ತು ಲಕ್ಷ ಉಳದೈತಲ್ಲ?"

"ಅದನ್ನ ಏನ್ ಮಾಡೂದು? ನೋಡಿದ್ರ ಹೆದರಿಕಿ ಬರ್ತೈತಿ. ನನಗಿಷ್ಟು ಸಾಕು."

ಹಾಗೆ ಹೇಳಿದಾಗ ಅವಳಿಗೆ ಹೊಟ್ಟೆ ತುಂಬ ಉಂಡಂತಾಗಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಕಲಿತು ಬೆಳೆದವಳು. ಹಾಸಿಗೆ ದೊಡ್ಡದಾಗಿದೆ ಎಂದು ಯಾರೋ ಹೇಳಿದ ಮಾತ್ರಕ್ಕೆ ಅವಳ ಕಾಲು ಉದ್ದವಾಗುವಂತಿರಲಿಲ್ಲ.

ಶುಕ್ರವಾರ ಹತ್ತೂಮುಕ್ಕಾಲಿಗೆ ಸಂದೇಶ ಬಂತು. ತಾಂತ್ರಿಕ ದೋಷದಿಂದ ಜಮೆಯಾದ ಮೊತ್ತವನ್ನು ಹಿಂಪಡೆಯಲಾಗಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಇಲ್ಲದ ಹಣದ ಮಾತು ಆಡಿದರೆ ಜನ ನಗುತ್ತಾರೆ, ಇಲ್ಲವೇ ಅನುಮಾನಿಸುತ್ತಾರೆ. ಓಣಿಯ ಉಳಿದ ಮನೆಗಳವರೂ ಹಾಗೆಯೇ ಯೋಚಿಸಿ ಸುಮ್ಮನಿದ್ದರು.

ಕೇಂದ್ರದಲ್ಲಿ ಕಾಮತ್ ಫಲಿತಾಂಶ ನೋಡಿದ. "ಇಷ್ಟು ಚೊಕ್ಕವಾದ ಗೆರೆ ನಾನು ನೋಡೇ ಇಲ್ಲ. ಮೂರು ಅರವತ್ತೆರಡಕ್ಕೆ ಮಲಗಿದ್ದು ಮೂರು ದಿನ ಮಿಸುಕಿಲ್ಲ. ಇವರು ಸಂತರು ಕಣ್ರೀ."

"ಈ ಅಂಕಿ ಯಾರಿಗೆ ಕಳಸ್ತೀವಿ ಸರ್?" ಉಜ್ವಲಾ ಕೇಳಿದಳು. ಅಲ್ಲಿಯವರೆಗೆ ಇದು ಸಂಶೋಧನೆ ಎಂದೇ ಅವಳಿಗೆ ಹೇಳಲಾಗಿತ್ತು.

"ಗಿರಾಕಿಗೆ."

"ಗಿರಾಕಿ ಯಾರು?"

ಕಾಮತ್ ಅವಳತ್ತ ನೋಡಿದ. ಹೇಳಬಾರದ್ದೇನೂ ಇಲ್ಲ ಎಂಬಂತೆ ಹೇಳಿದ. "ಬ್ಯಾಟರಿ ಕಂಪನಿ. ಅವರು ಮುನ್ನೂರ ನಲವತ್ತು ಮನೆ ಜೊತೆ ರಾಜಿ ಮಾಡ್ಕೋಬೇಕು. ಒಬ್ಬೊಬ್ಬರಿಗೂ ಎಷ್ಟು ಕೊಟ್ರೆ ಸಾಕು ಅಂತ ಗೊತ್ತಾದ್ರೆ ಎಲ್ರಿಗೂ ಒಳ್ಳೇದಲ್ವಾ? ಅವರಿಗೆ ಬೇಕಾದ್ದು ಅವರಿಗೆ ಸಿಗುತ್ತೆ. ಇದರಲ್ಲಿ ಮೋಸ ಎಲ್ಲಿದೆ?"

ಆ ದಿನ ಉಜ್ವಲಾ ಊಟದ ಡಬ್ಬಿ ಬಿಚ್ಚಲಿಲ್ಲ. ಮೋಸ ಎಲ್ಲಿದೆ ಎಂದು ಅವಳಿಗೆ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ.

ರಾಜಿಯ ಮೊದಲ ಬೈಠಕ್ಕು ಹದಿನೈದು ದಿನಗಳ ನಂತರ, ಕಾರ್ಖಾನೆಯ ದಾರಿಯಲ್ಲಿದ್ದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಕಾನೂನಿನ ಪ್ರಕಾರ ಎರಡು ಬೈಠಕ್ಕು, ಆಮೇಲೆ ವ್ಯಾಜ್ಯ ಮುಗಿದಂತೆ. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಕಂಪನಿಯ ಮೂವರು ಅಧಿಕಾರಿಗಳು ಕೂತಿದ್ದರು. ಒಂದೊಂದು ಕುಟುಂಬವನ್ನೂ ಪರದೆ ಕಟ್ಟಿದ ಮೂಲೆಗೆ ಬೇರೆಬೇರೆಯಾಗಿ ಕರೆದು ಅಂಕಿ ತೋರಿಸಿದರು. ಹೆಬ್ಬೆಟ್ಟು ಒತ್ತಲು ಇಪ್ಪತ್ತು ನಿಮಿಷ ಅವಧಿ.

ಕಸ್ತೂರಿಗೆ ತೋರಿಸಿದ ಅಂಕಿ ಮೂರು ಲಕ್ಷದ ಅರವತ್ತೆರಡು ಸಾವಿರ.

ಮೊದಲು ಅವಳ ಕಣ್ಣು ತುಂಬಿದವು. "ನೋಡ್ರಿ, ದೇವರು ಕೇಳಿಸ್ಕೊಂಡಾನ. ನಾ ಹೇಳಿದಷ್ಟ ಬಂದೈತಿ. ಒಂದ್ ರೂಪಾಯಿ ಹೆಚ್ಚಿಲ್ಲ, ಒಂದ್ ರೂಪಾಯಿ ಕಮ್ಮಿಲ್ಲ."

ಮೌನೇಶ ಅವಳ ಕೈ ಹಿಡಿದ. "ಅದಕ್ಕ ಹೇಳಾಕತ್ತೇನಿ, ಒತ್ತಬ್ಯಾಡ. ದೇವರಿಗೆ ಇಷ್ಟು ಕರೆಕ್ಟ್ ಲೆಕ್ಕ ಬರೂದುಲ್ಲ."

ಅವಳು ಎತ್ತಿದ ಹೆಬ್ಬೆರಳನ್ನು ಕೆಳಗಿಳಿಸಿದಳು. ಇಬ್ಬರೂ ಒತ್ತದೆ ಹೊರಗೆ ಬಂದರು. ಮಂಟಪದ ನಲ್ಲಿಯ ಹತ್ತಿರ ಬಸಲಿಂಗನ ಹೆಂಡತಿ ಶಕುಂತಲಾ ಮುಖ ತೊಳೆಯುತ್ತಿದ್ದಳು. ಬಸಲಿಂಗ ಮತ್ತು ಮೌನೇಶ ಒಂದೇ ದಿನ ಕೆಲಸಕ್ಕೆ ಸೇರಿದ್ದರು, ಒಂದೇ ಪಾಳಿಯಲ್ಲಿ ದುಡಿದಿದ್ದರು. ನಡುಕವೂ ಇಬ್ಬರಿಗೂ ಒಂದೇ ವರ್ಷ ಬಂದಿತ್ತು.

"ಎಷ್ಟು ಬಂತ್ರೀ ಅಕ್ಕಾರ?" ಎಂದು ಕಸ್ತೂರಿ ಕೇಳಿದಳು.

ಶಕುಂತಲಾ ಸುತ್ತ ನೋಡಿ ಪಿಸುಗುಟ್ಟಿದಳು. "ಮೂವತ್ತೊಂದು ಲಕ್ಷ. ಒತ್ತಿಬಿಟ್ವಿ. ಯಾರಿಗೂ ಹೇಳಬ್ಯಾಡವಾ."

ಕಸ್ತೂರಿ ಅವಳ ಒದ್ದೆ ಕೈ ಹಿಡಿದಳು. "ಒಂದು ಮಾತು ಕೇಳ್ತೇನಿ. ಖರೇ ಹೇಳ್ರಿ. ಆ ಮಂಗಳವಾರ ನಿಮ್ಮ ಕಿಸೆಗೂ ರೊಕ್ಕ ಬಂದಿತ್ತೇನು?"

ಶಕುಂತಲಾ ನಲ್ಲಿ ನಿಲ್ಲಿಸಿದಳು. "ಮೂರು ದಿನ ತಲ್ಯಾಗ ಮೂರು ಅಂತಸ್ತಿನ ಮನಿ ಕಟ್ಟಿದ್ದೆ," ಎಂದಳು. "ಮಹಡಿ ಮ್ಯಾಲೆ ತುಳಸಿಕಟ್ಟಿ ಸುದ್ದಾ ಇಟ್ಟಿದ್ದೆ. ನಿಂಗ ಹ್ಯಾಂಗ ಗೊತ್ತಾತು?"

ಮನೆಯ ಹತ್ತಿರ ಬಸ್ಸಿನಿಂದ ಇಳಿಯುವಾಗ ಮೌನೇಶ ಒಂದು ಮಾತು ಅಂದ. "ನಿನ್ನ ಸಾಕು ನನಗ ತುಟ್ಟಿ ಆತು, ಕಸ್ತೂರಿ."

ಅಂದವನೇ ಅವಳ ಭುಜ ಹಿಡಿದು ತಪ್ಪಾಯಿತು ಎಂದ. ಅವಳು ಇರಲಿ ಬಿಡ್ರಿ ಎಂದಳು. ಆದರೆ ಆ ಮಾತು ಮನೆಯೊಳಗೆ ಬಂದು ಕೂತಿತು.

ನಾಲ್ಕು ದಿನ ಬಿಟ್ಟು, ಮಧ್ಯಾಹ್ನದ ಹೊತ್ತಿನಲ್ಲಿ, ಒಬ್ಬ ಹೆಂಗಸು ಗಿರಣಿ ಓಣಿಗೆ ವಿಳಾಸ ಕೇಳುತ್ತ ಬಂದಳು. ತನ್ನ ನಾಡಿಪಟ್ಟಿಯನ್ನು ಬಿಚ್ಚಿ ಆಫೀಸಿನ ಖಾನೆಯಲ್ಲಿಟ್ಟು ಬಂದಿದ್ದಳು. ಕಸ್ತೂರಿಯ ಮಣಿಕಟ್ಟಿಗೆ ದಪ್ಪ ಟವೆಲು ಸುತ್ತಿ, ಅದನ್ನು ನೀರು ಬಿಟ್ಟ ನಲ್ಲಿಯ ಪಕ್ಕ ಹಿಡಿಯಲು ಹೇಳಿ, ಆಮೇಲೆ ಮಾತಾಡಿದಳು.

"ನನ್ನ ಹೆಸರು ಉಜ್ವಲಾ. ನಿಮ್ಮ ಗೆರಿ ಓದಿದಾಕಿ ನಾನ. ತಪ್ಪು ನಂದೂ ಅದ."

ಅವಳು ಎಲ್ಲವನ್ನೂ ಹೇಳಿದಳು. ಕಸ್ತೂರಿ ಕೇಳುತ್ತ ಕೇಳುತ್ತ ತನ್ನ ಮಣಿಕಟ್ಟಿನತ್ತ ನೋಡಿದಳು. ಯಾರೋ ಬಚ್ಚಲಮನೆಯ ಬಾಗಿಲ ಸಂದಿಯಿಂದ ಇಷ್ಟು ದಿನ ನೋಡಿದ್ದರು ಎಂದು ತಿಳಿದ ಹಾಗಿತ್ತು.

"ನನ್ನ ಸೀರಿ ಸುದ್ದಾ ಕೇಳಿಸ್ಕೊಂಡ್ರೇನು?" ಎಂದಳು.

ಉಜ್ವಲಾ ತಲೆ ತಗ್ಗಿಸಿದಳು. "ರಾಜಿಗೆ ಒಪ್ಪದವರಿಗೆ ಇನ್ನೊಮ್ಮೆ ರೊಕ್ಕ ಬರ್ತದ. ಬರೋ ಮಂಗಳವಾರ. ಈ ಸಲ ದೊಡ್ಡದು ಕೇಳ್ರಿ. ಮನಿ, ಕಾರು, ಬಂಗಾರ, ಏನರೆ. ಗೆರಿ ಮ್ಯಾಲೆ ಹೋದ್ರ ನಿಮ್ಮ ಅಂಕಿನೂ ಮ್ಯಾಲೆ ಹೋಗ್ತದ."

"ಅಷ್ಟು ಬರೇ ಬಾಯಿಲೆ ಅಂದ್ರ ಸಾಕೇನ್ರಿ?"

"ಇಲ್ಲ," ಎಂದಳು ಉಜ್ವಲಾ. "ಖರೇನ ಬೇಕು ಅನ್ನಿಸ್ಬೇಕು. ಅದಕ್ಕ ಸುಳ್ಳು ಗೊತ್ತಾಗ್ತದ."

ಮಂಗಳವಾರ ಒಂದು ಕೋಟಿ ಇಪ್ಪತ್ತು ಲಕ್ಷ ಬಂತು. ಕಸ್ತೂರಿ ಅಂದು ರೊಟ್ಟಿಯ ಕೆಲಸ ಬಿಟ್ಟು ಆಸೆಪಡಲು ಹೊರಟಳು. ಸರಾಫ ಅಂಗಡಿಗೆ ಹೋಗಿ ಐದು ತೊಲೆಯ ಸರ ಕೊರಳಿಗೆ ಹಿಡಿದುಕೊಂಡಳು. ಸರದ ಕೊಂಡಿ ಕುತ್ತಿಗೆಗೆ ಚುಚ್ಚುತ್ತದೆ ಎಂಬುದಷ್ಟೇ ಅವಳಿಗೆ ತಿಳಿಯಿತು. ಕಾರಿನ ಅಂಗಡಿಯಲ್ಲಿ ಮೆತ್ತನೆಯ ಸೀಟಿನಲ್ಲಿ ಕೂತು, ಬೇಕು, ಬೇಕು, ಬೇಕು ಎಂದು ಮನಸ್ಸಿನಲ್ಲಿ ಜಪಿಸಿದಳು. ಹೊಸ ಬಡಾವಣೆಯಲ್ಲಿ ಮೂರು ಕೋಣೆಯ ಮನೆ ನೋಡಿ, ಇಷ್ಟೆಲ್ಲ ನೆಲ ಒರೆಸುವವರು ಯಾರು ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು. ಸಂಜೆ ಮನೆಗೆ ಬಂದು ಅತ್ತಳು.

"ನನಗ ಬರಾಂಗಿಲ್ರಿ. ಕಲಿಸಿಲ್ಲ ನಮ್ಮವ್ವ."

ಕೇಂದ್ರದಲ್ಲಿ ಅವಳ ಗೆರೆ ಮೂರು ಅರವತ್ತೆರಡರಲ್ಲೇ ಮಲಗಿತ್ತು. ಕಾಮತ್ ನೋಡಿ ಮುಗುಳ್ನಕ್ಕು, "ಪಾಪ, ಯಾರೋ ಏನೋ ಹೇಳಿಕೊಟ್ಟಿದಾರೆ," ಎಂದ. ಅವನು ಉಜ್ವಲಾಳತ್ತ ತಿರುಗಲಿಲ್ಲ.

ಬುಧವಾರ ಮೌನೇಶನ ತಿಂಗಳ ತಪಾಸಣೆ ಇತ್ತು. ಆಸ್ಪತ್ರೆಯ ಡಾಕ್ಟರಮ್ಮ ಹೊಸಬಳು, ಇನ್ನೂ ಎಲ್ಲವನ್ನೂ ಮುಚ್ಚಿಟ್ಟು ಹೇಳಲು ಕಲಿಯದವಳು.

"ಈ ಗುಳಿಗಿ ದಿನಾ ತಪ್ಪಿಸಬ್ಯಾಡ್ರಿ. ತಪ್ಪಿಸಿದ್ರ ನುಂಗೋದು ಕಷ್ಟ ಆಗ್ತದ, ಉಸಿರಿಗೂ ತ್ರಾಸ ಆಗ್ತದ," ಎಂದು ಅವಳು ಮೌನೇಶನಿಗೆ ಹೇಳಿ ಕಸ್ತೂರಿಯ ಕಡೆ ತಿರುಗಿದಳು. "ಇವರ ಬಟ್ಟಿ ಯಾರು ಒಗೀತಿದ್ರು?"

"ನಾನ."

"ಪುಡಿ ಝಾಡಿಸಿ ಒಗೀತಿದ್ರೇನು? ಮನಿಯೊಳಗ?"

"ಹೌದ್ರಿ. ಹಿತ್ತಲಾ ಇಲ್ಲಲ್ಲ ನಮಗ."

"ಕೈ ಚಾಚ್ರಿ."

ಕಸ್ತೂರಿ ಕೈ ಚಾಚಿದಳು. ಡಾಕ್ಟರಮ್ಮ ಅವಳ ಬೆರಳುಗಳ ಮೇಲೆ ಒಂದು ತೆಳ್ಳನೆಯ ಕಾಗದ ಇಟ್ಟಳು. ಕಾಗದದ ಅಂಚು ಬಹಳ ಸಣ್ಣದಾಗಿ ಅದುರುತ್ತಿತ್ತು.

"ಇದು ಬರೇ ನಿಮ್ಮ ಮನಿದಲ್ಲ," ಎಂದಳು ಡಾಕ್ಟರಮ್ಮ ದನಿ ತಗ್ಗಿಸಿ. "ಹೋದ ವಾರ ಒಂಬತ್ತು ವರ್ಷದ ಹುಡಿಗಿನ್ನ ಕರಕೊಂಡು ಬಂದಿದ್ರು. ಆಕಿಗೆ ಅಂಗಿ ಗುಂಡಿ ಹಾಕ್ಕೊಳ್ಳಿಕ್ಕೆ ಬರವಲ್ದು. ಆಕಿ ಯಾವತ್ತೂ ಕಾರ್ಖಾನಿ ಗೇಟ್ ಸುದ್ದಾ ನೋಡಿಲ್ಲ."

ಹೊರಗೆ ಬಂದು ಕಸ್ತೂರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ಮೌನೇಶ ಪಕ್ಕದಲ್ಲಿ ಕೂತ. ಅವಳು ತನ್ನ ಬೆರಳುಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ, ಲೆಕ್ಕ ಹಾಕುವವಳಂತೆ ಮಾತಾಡತೊಡಗಿದಳು.

"ಆ ಹುಡುಗಿ ಮನಿ ಹುಡುಕಬೇಕು. ಅಂಥಾ ಎಷ್ಟು ಮನಿ ಅದಾವ ನೋಡಬೇಕು. ಎಲ್ಲಾರ ರಕ್ತ ತೆಗಿಸಬೇಕು, ಇಲ್ಲೆ ಅಲ್ಲ, ಹೊರಗಿನ ಊರಾಗ. ಒಬ್ಬ ವಕೀಲನ್ನ ಹಿಡೀಬೇಕು, ಕಂಪನಿಗೆ ಹೆದರದಾಂವನ್ನ. ಆ ಜರಡಿ ನಿಲ್ಲಿಸಬೇಕ್ರಿ. ನಾಳೆ ಮುಂಜಾನೆ ಪಾಳಿಗೆ ಯಾರೂ ಒಳಗ ಹೋಗಬಾರದು. ಪುಡಿ ಎಲ್ಲಿ ಹುಗದಾರೋ ಆ ಮಣ್ಣು ಅಗಸಬೇಕು. ಬಾವಿ ನೀರು ನೋಡಿಸಬೇಕು..."

"ಅದಕ್ಕ ಕೋಟಿ ಸಾಲಂಗಿಲ್ಲ, ಕಸ್ತೂರಿ."

"ಸಾಲಂಗಿಲ್ಲ," ಎಂದಳು ಅವಳು. ಹಾಗೆ ಹೇಳುವಾಗ ಅವಳ ಎದೆ ಹೊಡೆದುಕೊಳ್ಳುವುದು ಅವಳಿಗೇ ಕೇಳಿಸುತ್ತಿತ್ತು. "ಎಷ್ಟಿದ್ರೂ ಸಾಲಂಗಿಲ್ಲ."

ಐದನೆಯ ಅಂತಸ್ತಿನಲ್ಲಿ ಆ ಗೆರೆ ಎದ್ದು ನಿಂತಿತು. ಉಜ್ವಲಾ ಮೊದಲು ಯಂತ್ರದ ದೋಷ ಅಂದುಕೊಂಡಳು. ಇಪ್ಪತ್ತು ಲಕ್ಷ ದಾಟಿತು, ಅರವತ್ತು ದಾಟಿತು, ತೋರಿಸಿದ ಮೊತ್ತವನ್ನೂ ದಾಟಿತು. ಮೆಟ್ಟಿಲುಗಳಿರಲಿಲ್ಲ. ಮಲಗುವ ಸೂಚನೆಯೂ ಇರಲಿಲ್ಲ.

ಕಾಮತ್ ಅವಳ ಹಿಂದೆ ಬಂದು ನಿಂತ. ಅವನ ಮುಖದಲ್ಲಿ ನಗು ಇರಲಿಲ್ಲ. "ಇದು ಕೊಳ್ಳೋ ಆಸೆ ಅಲ್ಲ," ಎಂದ.

"ಮತ್ತೇನು ಸರ್?"

ಅವನು ಉತ್ತರಿಸುವ ಮೊದಲೇ ಪರದೆಯ ಮೇಲೆ ಕಸ್ತೂರಿಯ ಹೆಸರು 'ರಾಜಿ' ಎಂಬ ಯಾದಿಯಿಂದ ತಾನಾಗಿ ಜಾರಿ, ಪಕ್ಕದ ಇನ್ನೊಂದು ಯಾದಿಗೆ ಹೋಯಿತು. ಆ ಯಾದಿಗೆ ಹೆಸರಿರಲಿಲ್ಲ. ಅಲ್ಲಿಯವರೆಗೆ ಅದು ಖಾಲಿ ಇತ್ತು.

"ಅಲ್ಲೇನಾಗ್ತದ?" ಉಜ್ವಲಾ ಕೇಳಿದಳು.

"ನಂಗೊತ್ತಿಲ್ಲ," ಎಂದ ಕಾಮತ್. "ಅದು ನಮ್ಮ ಅಂತಸ್ತಿನ ಕೆಲಸ ಅಲ್ಲ." ಅವನು ನಿಜ ಹೇಳುತ್ತಿದ್ದ.

ಎರಡನೆಯ ಬೈಠಕ್ಕಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಹೆಸರು ಕೂಗಲು ಶುರುಮಾಡಿದರು. ಮೊದಲೇ ಒತ್ತಿದವರನ್ನೂ ಕೊನೆಯ ಸಹಿಗೆ ಕರೆಸಿದ್ದರು. ಮಂಟಪ ತುಂಬಿತ್ತು. ಮೌನೇಶ ಬಡಿಗೇರ ಎಂಬ ಹೆಸರು ಬರಲಿಲ್ಲ. ಕಸ್ತೂರಿ ವೇದಿಕೆಯ ಹತ್ತಿರ ಹೋಗಿ ಕೇಳಿದಳು. ಅಧಿಕಾರಿ ಎರಡು ಸಲ ಹುಡುಕಿದ.

"ಆ ಹೆಸರಿನವರು ನಮ್ಮಲ್ಲಿ ಕೆಲಸ ಮಾಡಿದ ದಾಖಲೆ ಇಲ್ಲಮ್ಮ."

"ಎಂಟು ವರ್ಷ ಮಾಡ್ಯಾರ್ರಿ. ಇಲ್ಲೆ ಕುಂತಾರ ನೋಡ್ರಿ."

"ದಾಖಲೆ ಇಲ್ಲ."

ಹಿಂದಿನ ದಿನವಷ್ಟೇ ಖಾನಾವಳಿಯ ಮಾಲೀಕ, ಮುಖ ಕೊಡದೆ, ನಾಳೆಯಿಂದ ರೊಟ್ಟಿ ಬೇಡ ಎಂದಿದ್ದ. ಕಾರಣ ಕೇಳಿದ್ದಕ್ಕೆ, "ನನ್ನ ಕೇಳಬ್ಯಾಡವಾ, ಮ್ಯಾಲಿಂದ ಹೇಳ್ಯಾರ," ಎಂದಿದ್ದ. ಈಗ ಕಸ್ತೂರಿಗೆ ಎರಡೂ ಒಟ್ಟಿಗೆ ಅರ್ಥವಾದವು. ಅವಳು ವೇದಿಕೆಗೆ ಬೆನ್ನು ಮಾಡಿ ಜನರತ್ತ ತಿರುಗಿದಳು. ಜೀವನದಲ್ಲಿ ಅಷ್ಟು ಜನರ ಮುಂದೆ ಅವಳು ಯಾವತ್ತೂ ಬಾಯಿ ತೆರೆದಿರಲಿಲ್ಲ.

"ನಿಮಗೆಲ್ಲಾರಿಗೂ ಆ ಮಂಗಳವಾರ ರೊಕ್ಕ ಬಂದಿತ್ತು. ನಮಗೊಬ್ಬರಿಗೇ ಬಂದೈತಿ ಅಂತ ಎಲ್ಲಾರೂ ಸುಮ್ಮನ ಕುಂತ್ರಿ. ನೀವು ಮೂರು ದಿನ ಏನ್ ಬೇಕು ಅಂದ್ರೋ ಅದನ್ನ ಕೇಳಿಸ್ಕೊಂಡು ಅಷ್ಟನ್ನ ಇವತ್ತು ನಿಮ್ಮ ಕೈಯಾಗ ಇಡಾಕತ್ತಾರ. ಎಷ್ಟು ಬಂತು ಅಂತ ಜೋರಾಗಿ ಹೇಳ್ರಿ."

ಯಾರೂ ಮಾತಾಡಲಿಲ್ಲ. ಪಕ್ಕದವನಿಗೆ ಹೆಚ್ಚು ಬಂದಿರಬಹುದು ಎಂಬ ಹೆದರಿಕೆ ಕೆಲವರಿಗೆ, ಕಡಿಮೆ ಬಂದಿರಬಹುದು ಎಂಬ ನಾಚಿಕೆ ಕೆಲವರಿಗೆ. ಕೊನೆಗೆ ಹಿಂದಿನ ಸಾಲಿನಲ್ಲಿ ಅಲ್ಲಿಸಾಬ ನದಾಫ ಎದ್ದ. ಎಪ್ಪತ್ತರ ಹತ್ತಿರದವನು. ಎದ್ದು ನಿಲ್ಲಲು ಇಬ್ಬರು ಹಿಡಿಯಬೇಕಾಯಿತು.

"ನನಗ ಒಂದು ಲಕ್ಷ ಹತ್ತು ಸಾವಿರ," ಎಂದ. "ಒಂದು ಹೊಲಿಗಿ ಮಷಿನ್ನು, ಮಮ್ಮಗಳ ಮದಿವಿ ಊಟ. ಇಷ್ಟ ಬೇಡಿದ್ದೆ ನಾ."

"ನಮಗ ಆರು ಲಕ್ಷ," ಎಂದು ಒಬ್ಬಳು ಕೂಗಿದಳು.

"ಹದಿನಾಲ್ಕು."

"ಎರಡೂವರಿ. ನನ್ನ ಗಂಡ ಸತ್ತು ಎರಡು ತಿಂಗಳಾತು. ಎರಡೂವರಿ!"

ಶಕುಂತಲಾ ಗಂಡನ ಮುಖ ನೋಡಿದಳು. ಆಮೇಲೆ ಎದ್ದು, ತಲೆ ತಗ್ಗಿಸಿ, "ಮೂವತ್ತೊಂದು," ಎಂದಳು. ಮಂಟಪದಲ್ಲಿ ಒಂದು ಉದ್ದನೆಯ ಉಸಿರು ಕೇಳಿಸಿತು. ಬೈಯುತ್ತಾರೆಂದು ಅವಳು ಕಣ್ಣು ಮುಚ್ಚಿಕೊಂಡಳು. ಯಾರೂ ಬೈಯಲಿಲ್ಲ. ಅಲ್ಲಿಸಾಬ ವೇದಿಕೆಯ ಕಡೆ ನೋಡುತ್ತ, "ಹಂಗಾರ ನನ್ನ ಕೈಗೂ ಅಷ್ಟ ಕಿಮ್ಮತ್ತು ಐತಿ," ಎಂದ.

ವೇದಿಕೆಯ ಮೇಲಿದ್ದ ಮೂವರೂ ಎದ್ದು ಹಿಂಬಾಗಿಲಿನಿಂದ ಹೋದರು. ಬೈಠಕ್ಕು ರದ್ದಾಗಿದೆ ಎಂದು ಧ್ವನಿವರ್ಧಕ ಹೇಳಿತು.

ಜನ ಹೊರಗೆ ಬಂದು ಬಸ್ಸಿಗೆ ಕೈ ಮಾಡಿದರು. ಮೊದಲು ಹತ್ತಿದವನ ಕಿಸೆ ತೆರೆಯಲಿಲ್ಲ. ಎರಡನೆಯವನದೂ ತೆರೆಯಲಿಲ್ಲ. 'ಪರಿಶೀಲನೆಯಲ್ಲಿದೆ' ಎಂದಷ್ಟೇ ಬರುತ್ತಿತ್ತು. ಕಂಡಕ್ಟರು ಎಲ್ಲರನ್ನೂ ಇಳಿಸಿದ. ಒಂದು ಗುಟುಕು ಚಹಾಕ್ಕೂ ಯಾರ ಹತ್ತಿರವೂ ದುಡ್ಡಿರಲಿಲ್ಲ. ಊರು ಒಂಬತ್ತು ಕಿಲೋಮೀಟರು. ಅವರು ನಡೆಯಲು ಶುರುಮಾಡಿದರು.

ಉಜ್ವಲಾ ಆ ನಡಿಗೆಯನ್ನು ಗೆರೆಗಳಲ್ಲಿ ನೋಡಿದಳು. ಬಿಸಿಲಿನ ರಸ್ತೆಯಲ್ಲಿ ನೂರಾರು ನಾಡಿಗಳು ಸಾಲಾಗಿ ಚಲಿಸುತ್ತಿದ್ದವು. ತಿಂಗಳ ಹಿಂದೆ ಮಲಗಿದ್ದ ಗೆರೆಗಳೆಲ್ಲ ಒಂದೊಂದಾಗಿ ಏಳುತ್ತಿದ್ದವು. ಅಲ್ಲಿಸಾಬನ ಮೊಮ್ಮಗಳದು, ಶಕುಂತಲಾಳದು, ಗಂಡ ಸತ್ತವಳದು. ಹೆಸರಿಲ್ಲದ ಯಾದಿ ನೋಡನೋಡುತ್ತ ಉದ್ದವಾಯಿತು.

ಆಮೇಲೆ ಗೆರೆಗಳು ಆರತೊಡಗಿದವು.

ಅವಳಿಗೆ ಮೊದಲು ಖುಷಿಯಾಯಿತು. ನಾಡಿಪಟ್ಟಿ ಬಿಚ್ಚಿ ಎಸೆಯುತ್ತಿದ್ದಾರೆ ಎಂದುಕೊಂಡಳು. ಬಿಚ್ಚಿದರೆ ಪರದೆಯ ಮೇಲೆ 'ಬಿಚ್ಚಲಾಗಿದೆ' ಎಂದು ಬರುತ್ತದೆ. ಅವಳು ಹತ್ತಿರ ಬಾಗಿ ಓದಿದಳು. ಪ್ರತಿ ಹೆಸರಿನ ಮುಂದೆಯೂ 'ಮುಚ್ಚಲಾಗಿದೆ' ಎಂದಿತ್ತು. ಅದು ರಸ್ತೆಯಿಂದ ಆದದ್ದಲ್ಲ. ಮೇಲಿನ ಯಾವುದೋ ಅಂತಸ್ತಿನಿಂದ ಆಗುತ್ತಿತ್ತು. ನಾಳೆಯಿಂದ ಇವರಲ್ಲಿ ಯಾರಿಗೂ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ. ಮೌನೇಶನ ಗುಳಿಗೆ ಬರುವುದಿಲ್ಲ. ಆ ಒಂಬತ್ತು ವರ್ಷದ ಹುಡುಗಿಯದೂ ಬರುವುದಿಲ್ಲ.

"ನಿಲ್ಲಸ್ರಿ ಸರ್," ಎಂದಳು. "ಯಾರಿಗರೆ ಫೋನ್ ಮಾಡ್ರಿ."

ಕಾಮತ್ ಫೋನು ಹಿಡಿದೇ ನಿಂತಿದ್ದ. "ಯಾರಿಗೆ ಅಂತ ಮಾಡ್ಲಿ?" ಎಂದ.

ಮುನ್ನೂರು ಗೆರೆ ಆರಿದವು. ಮುನ್ನೂರ ಮೂವತ್ತು ಗೆರೆ ಆರಿದವು. ಉಜ್ವಲಾ ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ಪರದೆಯ ಮೇಲೆ ಕಸ್ತೂರಿಯ ಗೆರೆ ಒಂದೇ ಉಳಿದಿತ್ತು. ಆರುವ ಗಳಿಗೆಯವರೆಗೂ ಅದು ಏರುತ್ತಲೇ ಇತ್ತು.